ಎಡಗಡೆಯ ಕಿಟಕಿ

ಬೆತೂನ್ ಬಿಟ್ಟಾಗಲೇ ಹತ್ತು ಗಂಟೆ.
ಬೂಟಿನ ಲೇಸು ನಾನೇ ಕಟ್ಟುತ್ತೇನೆಂದು ಹಟ ಹಿಡಿದು
ಅರ್ಧ ಗಂಟೆ ಕಟ್ಟಿದ ಅಪ್ಪ.
ಡಿಕ್ಕಿಯಲ್ಲಿ, ಒದ್ದೆ ಪೇಪರಿನಲ್ಲಿ ಸುತ್ತಿಟ್ಟ ರೂಬಾರ್ಬ್ ಗೆಡ್ಡೆ,
ನಾರ್ಬೋನಿನ ಸೋದರತ್ತೆಗೆ.
ಆ ಬಿಸಿಲಿಗೆ ಅದು ಬದುಕೋದಿಲ್ಲಪ್ಪ ಅಂದರೆ
ಅವಳು ಬದುಕಿಲ್ಲವಾ ಅನ್ನುತ್ತಾನೆ.

ಸಾವಿರ ಕಿಲೋಮೀಟರು. ಒಂದೇ ಉಸಿರಿಗೆ ನನ್ನ ಕೈಲಾಗದು.
ಎಲ್ಲಾದರೂ ಒಂದು ರಾತ್ರಿ ತಂಗಬೇಕು. ಎಲ್ಲಿ?

ರೇಂಸ್ ಅಂದೆ. ಇನ್ನೂ ಹಸಿವೇ ಆಗಿಲ್ಲ ಅಂದ.
ತ್ರುವಾ ಅಂದೆ, ಮರದ ತೊಲೆಯ ಹಳೇ ಮನೆಗಳಂತೆ, ಚಂದವಂತೆ.
ಎಂಬತ್ನಾಲ್ಕರಲ್ಲಿ ಅಲ್ಲಿ ಯಾರೋ ಅವನ ಡೀಸೆಲ್ ಕದ್ದಿದ್ದರು.
ದಿಜೋನ್? ಲಾರಿ ತಿರುಗಿಸಲು ಜಾಗವಿಲ್ಲ.
ಲಾರಿ ಎಲ್ಲಿದೆಯಪ್ಪ ಈಗ?
ಬೋನ್? ವೈನು ಬಲ್ಲವರ ಊರು,
ಮುಖ ನೋಡಿ ಬಾಡಿಗೆ ಹೇಳುತ್ತಾರೆ.

ಮೂವತ್ತೊಂದು ವರ್ಷ ಲಾರಿ ಓಡಿಸಿದವ ಅಲ್ಸಿಡ್, ನನ್ನಪ್ಪ.
ಇಡೀ ಫ್ರಾನ್ಸು ಅಂಗೈಯ ಗೆರೆ,
ಒಂದು ಊರಿನೊಳಗೂ ಕಾಲಿಟ್ಟವನಲ್ಲ.
ಅವನ ನಕ್ಷೆಯಲ್ಲಿ ಚರ್ಚಿಲ್ಲ, ಸಂತೆಚೌಕವಿಲ್ಲ.
ನಲ್ಲಿ ಇದೆ, ಬಿಸಿನೀರು ಬರುವ ಶವರು ಇದೆ,
ನಾಯಿ ಬೊಗಳದ ಪಾರ್ಕಿಂಗು,
ಕೇಳದೆಯೇ ಎರಡನೇ ಸಲ ಸೂಪು ಬಡಿಸುವ ಹೆಂಗಸು.
ಹಾಸಿಗೆಯೆಂದರೆ ಸೀಟಿನ ಹಿಂದಿನ ಅರವತ್ತು ಸೆಂಟಿಮೀಟರು.
ಹೋಟೆಲೆಂದರೆ ಬೇರೆಯವರಿಗೆ ಆಗುವಂಥದ್ದು,
ಲಾಟರಿಯ ಹಾಗೆ, ಪಾರ್ಶ್ವವಾಯುವಿನ ಹಾಗೆ.

ಲಾಂಗ್ರ್ ದಾಟಿತು. ಸಂಜೆ ಆರೂವರೆ. ತುಂತುರು.
ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ.
ಹಾಗಾದರೆ ನೀನೇ ಹೇಳು ಅಂದೆ, ಸ್ವಲ್ಪ ಗಡುಸಾಗಿಯೇ.

ಹನ್ನೊಂದು ಕಿಲೋಮೀಟರು ವೈಪರ್ ಒಂದೇ ಮಾತಾಡಿತು.
ಆಮೇಲೆ,
ಮುಂದೊಂದು ತಿರುವು, ನೀರಿನ ಟ್ಯಾಂಕು,
ಅದರ ಕೆಳಗೆ ಎಡಗಡೆ ಒಂದು ಊರು.
ಹೆಸರು?
ಗೊತ್ತಿಲ್ಲ. ರಾತ್ರಿ ಮೂರಕ್ಕೆ ಹಾದರೂ ಅಲ್ಲೊಂದು ಕಿಟಕಿಯಲ್ಲಿ
ದೀಪ ಇರುತ್ತಿತ್ತು. ಮಹಡಿಯದು. ಹಳದಿ.
ಅಷ್ಟು ಹೇಳಿ ಕನ್ನಡಕ ಒರೆಸಿದ, ಒರೆಸುತ್ತಲೇ ಇದ್ದ.

ಊರು ಕಂಡಿತು, ದಾರಿ ಕಾಣಲಿಲ್ಲ.
ಹೆದ್ದಾರಿ ನಮ್ಮನ್ನು ಬಿಟ್ಟದ್ದು ಹದಿನಾಲ್ಕು ಕಿಲೋಮೀಟರಿನ ಆಚೆ.
ಹೊಲದ ನಡುವೆ ಹಿಂದಕ್ಕೆ ಹಿಂದಕ್ಕೆ. ಎರಡು ಸಲ ತಪ್ಪಿದೆ.
ಟ್ರ್ಯಾಕ್ಟರಿನವನು ಕೈ ಬೀಸಿದ,
ಆ ಕೈ ಎರಡೂ ದಾರಿಗೆ ಸಲ್ಲುವಂತಿತ್ತು.
ಟ್ಯಾಂಕು ಮರಗಳ ಹಿಂದೆ ಕಣ್ಣಾಮುಚ್ಚಾಲೆ ಆಡಿತು.

ಬೇಕರಿಗೆ ಬೀಗ. ಕೆಫೆಗೆ ಹಲಗೆ ಬಡಿದಿತ್ತು.
ಜಿಸ್ಲೇನ್ ಎಂಬಾಕೆ ಎರಡು ಕೋಣೆ ಬಾಡಿಗೆಗೆ ಕೊಡುತ್ತಾಳೆ,
ಕೋಳಿಗೂಡಿಗೆ ಚಿಲಕ ಹಾಕುತ್ತಾ ನಮ್ಮನ್ನು ನೋಡಿದಳು.
ಅಪ್ಪ ಬಾಡಿಗೆ ಕೇಳಲಿಲ್ಲ, ಬಿಸಿನೀರು ಕೇಳಲಿಲ್ಲ,
ಮೇಲಿನ ಆ ಕಿಟಕಿ, ಆ ದೀಪ, ಯಾರು, ಅಂದ.

ನನ್ನ ಗಂಡನ ತಾಯಿ, ಅಂದಳು.
ಹೋಗಿ ಹತ್ತು ವರ್ಷವಾಯಿತು. ಪಾಪ, ನಿದ್ದೆಯೇ ಇರಲಿಲ್ಲ,
ಆ ಲಾರಿಗಳ ಸದ್ದಿಗೆ.

ಅಪ್ಪ ಟೋಪಿ ತೆಗೆದ.
ಕೈಯಲ್ಲಿ ಹಿಡಿದು ಅಲ್ಲೇ ನಿಂತ,
ಕೋಳಿಯೊಂದು ಗೂಡಿನೊಳಗೆ ಜಾಗ ಬದಲಿಸುವವರೆಗೆ.

ಸೂಪಿತ್ತು. ಒಂದೇ ಸಲ ಬಡಿಸಿದಳು.
ಮಹಡಿಯ ಕೋಣೆಯೇ ಬೇಕೆಂದ, ಮೆಟ್ಟಿಲಿಗೆ ಎರಡೆರಡು ಉಸಿರು.
ವಾಶ್‌ಬೇಸಿನ್ನಿನಲ್ಲಿ ರೂಬಾರ್ಬ್ ಗೆಡ್ಡೆಯನ್ನು
ನೀರು ಕುಡಿಯಲು ಮಲಗಿಸಿದೆವು.
ನಡುರಾತ್ರಿ ನಾನು ಎದ್ದಾಗ
ಅವನ ಬಾಗಿಲಡಿ ಒಂದು ಹಳದಿ ಗೆರೆ.
ಆಚೆ, ಹೊಲಗಳಾಚೆ, ಒಂದಾದ ಮೇಲೊಂದು
ಗೇರು ಇಳಿಸುವ ಸದ್ದು. ತಟ್ಟಲಿಲ್ಲ ನಾನು.

ಬೆಳಿಗ್ಗೆ ಕಾಫಿಗೆ ಬ್ರೆಡ್ಡು ಅದ್ದುತ್ತಾ ತೀರ್ಪು ಕೊಟ್ಟ.
ಜಾಗ ಚೆನ್ನಾಗಿಲ್ಲ. ಭಾರೀ ಸದ್ದು.
ಕಣ್ಣು ಮುಚ್ಚಲಿಲ್ಲ ನೋಡು ನಾನು.

ಕಾರು ಹತ್ತಿದ ಮೇಲೆ, ಬೆಲ್ಟಿನ ಜೊತೆ ಗುದ್ದಾಡುತ್ತಾ,
ಬರುವಾಗಲೂ ಇಲ್ಲೇ ನಿಲ್ಲಿಸು, ಅಂದ.
ಊರಿನ ಹೆಸರು ಓದುವುದನ್ನು
ಇಬ್ಬರೂ ಮರೆತಿದ್ದೆವು.